ಹಳೇ ಕೆಂಪು ವೈನ್ ಒಂದು ಬಾಟಲಿ: ನಮ್ಮ ಕರಾವಳಿಯ ಸೆಖೆಗೆ ಯಾವುದು ಸರಿ?

ಮಂಗಳೂರಿನ ಗೆಳೆಯನೊಬ್ಬ ಫೋನ್ ಮಾಡಿದ. ಅವನ ಭಾವ ದುಬೈಯಿಂದ ಬರುವವರಿದ್ದರು. "ಡ್ಯೂಟಿ ಫ್ರೀಯಿಂದ ಎಂತ ತರಿಸುವುದು ಮಾರಾಯ?" ಎಂದು ಕೇಳಿದ. ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುತ್ತದೆ. ಈ ಸಲ ವಿಸ್ಕಿ ಬೇಡ, ಒಳ್ಳೆಯ ಹಳೇ ಕೆಂಪು ವೈನ್ ಬೇಕು. ಅದೂ ರಾಸಾಯನಿಕ ಗೊಬ್ಬರ ಹಾಕದ ಬಯೋಡೈನಮಿಕ್ ತೋಟದ್ದಾದರೆ ಅಪ್ಪನಿಗೆ ಖುಷಿಯಾಗಬಹುದು ಎಂದ. ಅಪ್ಪ ಪುತ್ತೂರಿನ ಕಡೆಯ ಅಡಿಕೆ ತೋಟದವರು, ನಾಲ್ಕೈದು ವರ್ಷದಿಂದ ಸೆಗಣಿ ಗಂಜಲದ ಜೀವಾಮೃತದ ಹಿಂದೆ ಬಿದ್ದವರು.

ಇಂಥದ್ದೇ ಪ್ರಶ್ನೆ ಉಡುಪಿಯಿಂದ, ಕುಂದಾಪುರದಿಂದಲೂ ಬರುತ್ತದೆ. ಗಲ್ಫಿನಿಂದ ಯಾರೋ ಬರುತ್ತಾರೆ, ಪಟ್ಟಿಯಲ್ಲಿ ನಾಲ್ಕು ಹೆಸರಿರುತ್ತದೆ, ಯಾವುದಕ್ಕೆ ದುಡ್ಡು ಹಾಕುವುದು ಗೊತ್ತಾಗುವುದಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಇಷ್ಟು ಕೇಳಿಕೊಳ್ಳಿ

ಬಾಟಲಿ ಯಾವಾಗ ತೆರೆಯುತ್ತೀರಿ, ಈ ತಿಂಗಳೋ ಐದು ವರ್ಷ ಬಿಟ್ಟೋ? ಅಲ್ಲಿಯವರೆಗೆ ಅದು ಎಲ್ಲಿರುತ್ತದೆ? ಜೊತೆಗೆ ಊಟಕ್ಕೆ ಎಂತ? ಕುಡಿಯುವವರು ಎಷ್ಟು ಜನ, ಅವರಲ್ಲಿ ವೈನ್ ಅಭ್ಯಾಸ ಇರುವವರೆಷ್ಟು? 750 ಎಂಎಲ್ ಬಾಟಲಿಯಲ್ಲಿ ಐದಾರು ಗ್ಲಾಸ್ ಸಿಗುತ್ತದೆ, ಅಷ್ಟೆ. ದುಡ್ಡಿನ ಮಾತು ಕೊನೆಗೆ. ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಎಷ್ಟೋ ಸಲ ದುಬಾರಿ ಬಾಟಲಿಯ ಆಸೆ ತಾನಾಗಿ ಇಳಿಯುತ್ತದೆ.

ಈ ನಾಲ್ಕರಲ್ಲಿ ನಮ್ಮ ಊರಿನವರಿಗೆ ಎರಡನೆಯದೇ ದೊಡ್ಡದು. ವೈನ್ ಮಲಗಿ ಹಳತಾಗಬೇಕಾದ್ದು 12ರಿಂದ 14 ಡಿಗ್ರಿಯಲ್ಲಿ, ಕತ್ತಲಲ್ಲಿ, ಅಲುಗಾಡದೆ. ಮಂಗಳೂರಿನಲ್ಲಿ ಏಪ್ರಿಲ್ ಮೇ ತಿಂಗಳ ಹಗಲು 33, 34 ಡಿಗ್ರಿ, ರಾತ್ರಿಯೂ ಫ್ಯಾನ್ ಇಲ್ಲದೆ ನಿದ್ದೆ ಬಾರದು. ಆ ಬಿಸಿಯಲ್ಲಿ ವೈನ್ ಹಳತಾಗುವುದಿಲ್ಲ, ಬೇಯುತ್ತದೆ.

ನಾನೇ ಬೇಯಿಸಿದ್ದೇನೆ. ಬೆಂಗಳೂರಿನಿಂದ ತಂದ ಒಂದು ಒಳ್ಳೆ ಬಾಟಲಿಯನ್ನು "ಇನ್ನೂ ಹಳತಾಗಲಿ" ಎಂದು ಬೆಡ್‌ರೂಮಿನ ಕಪಾಟಿನ ಮೇಲೆ ಮಲಗಿಸಿಟ್ಟಿದ್ದೆ. ಮೂರು ಬೇಸಿಗೆ ಕಳೆಯಿತು. ಒಂದು ದಿನ ಗೋಡೆಯಲ್ಲಿ ಇರುವೆ ಸಾಲು ಕಂಡಿತು. ಅದರ ಹಿಂದೆ ಹೋದರೆ ಬಾಟಲಿಗೇ ಮುಟ್ಟಿತು. ಕಾರ್ಕ್ ಒಂದು ಕಾಳಿನಷ್ಟು ಮೇಲೆ ಬಂದು ಹೊರಗಿನ ತಗಡನ್ನು ಉಬ್ಬಿಸಿತ್ತು. ಲೇಬಲ್ ಮೇಲೆ ಅಂಟು ಅಂಟಾದ ಒಂದು ಗೆರೆ. ಕುಡಿದು ನೋಡಿದರೆ ಖರ್ಜೂರ ಕುದಿಸಿದ ನೀರಿಗೆ ಹುಣಸೆ ಹಿಂಡಿದ ಹಾಗಿತ್ತು. ಅರ್ಧ ಬಾಟಲಿ ಪೋರ್ಕ್ ಬಾಫತಿಗೆ ಹೋಯಿತು, ಅದೂ ಅಷ್ಟಕ್ಕಷ್ಟೆ.

ಫ್ರಿಜ್‌ನಲ್ಲಿಟ್ಟರೆ ಆಗದಾ ಎಂದು ಕೇಳುತ್ತಾರೆ. ಕೆಲವು ವಾರಕ್ಕೆ ಆಗುತ್ತದೆ. ವರ್ಷಗಟ್ಟಲೆ ಇಟ್ಟರೆ ಒಳಗಿನ ಒಣ ಗಾಳಿಗೆ ಕಾರ್ಕ್ ಒಣಗಿ ಕುಗ್ಗುತ್ತದೆ, ಗಾಳಿ ನುಗ್ಗುತ್ತದೆ. ಪಕ್ಕದಲ್ಲಿ ಒಣಮೀನಿನ ಡಬ್ಬ ಇದ್ದರೆ ಕೇಳುವುದೇ ಬೇಡ. ವೈನಿಗೆಂದೇ ಮಾಡಿದ ಸಣ್ಣ ಫ್ರಿಜ್ ಸಿಗುತ್ತದೆ, ಆದರೆ ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಹೋದಾಗ ಅದೂ ಒಂದು ಕಪಾಟು.

ಹಳತಾದರೆ ಎಂತ ಆಗುತ್ತದೆ

ಗೇರುಹಣ್ಣು ಕಚ್ಚಿದಾಗ ನಾಲಿಗೆ ಒಣಗಿ ಹಿಡಿದುಕೊಳ್ಳುತ್ತದಲ್ವಾ, ಆ ಒಗರೇ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆಯಲ್ಲಿ, ಬೀಜದಲ್ಲಿ ಅದು ಬೇಕಾದಷ್ಟಿದೆ. ಹೊಸ ವೈನ್‌ನಲ್ಲಿ ಒರಟಾಗಿರುತ್ತದೆ. ವರ್ಷ ಕಳೆದ ಹಾಗೆ ಟ್ಯಾನಿನ್ ಮತ್ತು ಬಣ್ಣದ ಕಣಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ, ಕೆಲವು ಕೆಳಗೆ ಗಸಿಯಾಗಿ ಕೂರುತ್ತವೆ. ನೇರಳೆ ಬಣ್ಣ ಹೋಗಿ ಇಟ್ಟಿಗೆ ಬಣ್ಣ ಬರುತ್ತದೆ. ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆ ಮಾಡಿದರೆ ಅಂಚಿನಲ್ಲಿ ಹಂಚಿನ ಕೆಂಪು ಕಾಣುತ್ತದೆ. ತಾಜಾ ಹಣ್ಣಿನ ಪರಿಮಳದ ಜಾಗಕ್ಕೆ ಒಣ ಅಂಜೂರ, ಚರ್ಮ, ಹೊಗೆಸೊಪ್ಪು, ಅಣಬೆ, ಮಳೆ ಬಿದ್ದ ತೋಟದ ತರಗೆಲೆ, ಇಂಥವು ಬರುತ್ತವೆ.

ಗೆಳೆಯನ ಅಪ್ಪನಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿದೆ. ಹೊಸ ಅಡಿಕೆ, ಇಟ್ಟು ಹಳತಾದ ಚೋಲ್, ಇನ್ನೂ ಹಳತಾದ ಡಬ್ಬಲ್ ಚೋಲ್. ಅವರು ನಕ್ಕರು. ಹಳೆ ಅಡಿಕೆಗೆ ರೇಟ್ ಜಾಸ್ತಿ, ಆದರೆ ಗೋಣಿ ಎಲ್ಲಿಟ್ಟಿದ್ದರು ಎನ್ನುವುದರ ಮೇಲೆ. ಡಂಕು ಹಿಡಿದರೆ ಯಾವ ಚೋಲೂ ಇಲ್ಲ.

ಇನ್ನೊಂದು ಮಾತು. ಎಲ್ಲಾ ವೈನೂ ಇಟ್ಟರೆ ಒಳ್ಳೆಯದಾಗುವುದಿಲ್ಲ. ಲೋಕದಲ್ಲಿ ಮಾಡುವ ಹೆಚ್ಚಿನ ವೈನ್ ಎರಡು ಮೂರು ವರ್ಷದಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು. ಪಕ್ಕದ ಮನೆಯ ಬಾಯಮ್ಮ ಕ್ರಿಸ್ಮಸ್‌ಗೆ ಭರಣಿಯಲ್ಲಿ ಮಾಡುವ ದ್ರಾಕ್ಷಿ ವೈನ್ ಹಬ್ಬದ ಕುಸ್ವಾರ್ ತಿಂಡಿಗಳ ಜೊತೆ ಆ ವಾರವೇ ಚೆಂದ.

ಬಯೋಡೈನಮಿಕ್ ಎಂದರೆ

1924ರಲ್ಲಿ ರುಡಾಲ್ಫ್ ಸ್ಟೈನರ್ ಎಂಬವರು ರೈತರಿಗೆ ಮಾಡಿದ ಭಾಷಣಗಳಿಂದ ಹುಟ್ಟಿದ ಕೃಷಿ ಪದ್ಧತಿ ಇದು. ರಾಸಾಯನಿಕ ಗೊಬ್ಬರ, ಕೀಟನಾಶಕ ಇಲ್ಲ. ದನದ ಕೊಂಬಿಗೆ ಸೆಗಣಿ ತುಂಬಿ ಚಳಿಗಾಲವಿಡೀ ಮಣ್ಣಲ್ಲಿ ಹೂಳುತ್ತಾರೆ. ವಸಂತದಲ್ಲಿ ತೆಗೆದು, ಅದರಲ್ಲಿ ಸ್ವಲ್ಪವೇ ಸ್ವಲ್ಪವನ್ನು ನೀರಿಗೆ ಹಾಕಿ, ಒಂದು ಗಂಟೆ ಆ ಕಡೆ ಈ ಕಡೆ ತಿರುವಿ ತೋಟಕ್ಕೆ ಚಿಮುಕಿಸುತ್ತಾರೆ. ಚಂದ್ರನ ಲೆಕ್ಕ ನೋಡಿ ಸವರುತ್ತಾರೆ, ಕೊಯ್ಯುತ್ತಾರೆ. ಬಿದಿರು ಕಡಿಯಲು ಅಮಾವಾಸ್ಯೆ ಹುಣ್ಣಿಮೆ ನೋಡುವ ನಮ್ಮವರಿಗೆ ಇದು ಅಂಥ ವಿಚಿತ್ರ ಅಲ್ಲ. ಡಿಮೀಟರ್ ಎನ್ನುವ ಮುದ್ರೆ ಇದ್ದರೆ ತಪಾಸಣೆ ಆಗಿದೆ ಎಂದರ್ಥ.

ಕೊಂಬಿನಿಂದ, ಚಂದ್ರನಿಂದ ರುಚಿ ಬದಲಾಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ನಾನು ಆ ಮುದ್ರೆಯನ್ನು ಬೇರೆ ತರ ಓದುತ್ತೇನೆ. ಅಷ್ಟು ರಗಳೆ ಮಾಡುವವನು ತೋಟದಲ್ಲಿ ದಿನಾ ಓಡಾಡುವವನೇ ಆಗಿರಬೇಕು, ಅಲ್ವಾ? ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಇಂಥವರು ವೈನ್ ಕೆಡದಂತೆ ಹಾಕುವ ಗಂಧಕವನ್ನು ಕಡಿಮೆ ಹಾಕುವುದೇ ಜಾಸ್ತಿ. ಅಂಥ ಬಾಟಲಿಗೆ ಸೆಖೆ ತಡೆಯುವ ಶಕ್ತಿಯೂ ಕಡಿಮೆ.

ತೋಟದವರಿಗೆ ಹೇಳಲೇಬೇಕಾದ ಒಂದು ಕತೆ ಉಂಟು. ಅಡಿಕೆ ಕೊಳೆರೋಗಕ್ಕೆ ಮಳೆಗಾಲದ ಮೊದಲು ಬಿಡುವ ಬೋರ್ಡೋ ಮದ್ದು, ಮೈಲುತುತ್ತು ಸುಣ್ಣದ್ದು, ಹುಟ್ಟಿದ್ದು ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟದಲ್ಲೇ. ಬಳ್ಳಿಯ ಬೂಜು ರೋಗಕ್ಕೆಂದು 1885ರ ಹೊತ್ತಿಗೆ ಮಿಲಾರ್ಡೆ ಎಂಬ ವಿಜ್ಞಾನಿ ಅದನ್ನು ಪ್ರಚಾರಕ್ಕೆ ತಂದರು. ಬಯೋಡೈನಮಿಕ್ ತೋಟಗಳಿಗೂ ಈ ಮದ್ದಿನಲ್ಲಿರುವ ತಾಮ್ರ ಬಿಡಲು ಮಿತಿಯೊಳಗೆ ಅನುಮತಿ ಇದೆ. ಇದನ್ನು ಕೇಳಿದ ಮೇಲೆ ಗೆಳೆಯನ ಅಪ್ಪ ಆ ಊರಿನ ವೈನನ್ನು ನೆಂಟರ ಮನೆಯದ್ದೆಂಬ ಹಾಗೆ ನೋಡಿದರು.

ಈಗ ಬಾಟಲಿಗಳು

ಮೊದಲನೆಯದು ಎಲ್ಲರ ಕನಸಿನದ್ದು: ಬಯೋಡೈನಮಿಕ್ ತೋಟದ, ಈಗಾಗಲೇ 10, 15 ವರ್ಷ ಆದ ಬಾಟಲಿ. ಫ್ರಾನ್ಸಿನ ಬರ್ಗಂಡಿಯ ಲೆರ್ವಾ, ರೊಮಾನೆ ಕೊಂತಿ ಹೆಸರು ಕೇಳಿರಬಹುದು. ಬಾಟಲಿಗೆ ಲಕ್ಷಗಳ ಮಾತು. ಮುಂದೆ ಹೋಗೋಣ.

ಕೈಗೆಟುಕದಿದ್ದರೂ ಕಣ್ಣಿಗೆ ಕಾಣುವ ಎತ್ತರದಲ್ಲಿರುವುದು ಬೋರ್ಡೋದ ಪೊಯಾಕ್ ಊರಿನ ಶಾಟೊ ಪೊಂಟೆ ಕಾನೆ. ಕ್ಯಾಬರ್ನೆ ಸೊವಿನ್ಯೋಂ ಮುಖ್ಯ ದ್ರಾಕ್ಷಿ. 2004ರಲ್ಲಿ ಬಯೋಡೈನಮಿಕ್ ಶುರು ಮಾಡಿದರು. 2007ರಲ್ಲಿ ಬೂಜು ರೋಗ ಜೋರಾದಾಗ ಹೆದರಿ ತೋಟದ ಒಂದು ಭಾಗಕ್ಕೆ ರಾಸಾಯನಿಕ ಹೊಡೆದರು, ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಸರ್ಟಿಫಿಕೇಟ್ ಸಿಕ್ಕಿದ್ದು 2010ರಲ್ಲಿ. 2018ರಲ್ಲಿ ಮತ್ತೆ ಅದೇ ರೋಗ ಬಂತು. ಈ ಸಲ ಹೆದರಲಿಲ್ಲ, ಬೆಳೆಯ ಬಹುಪಾಲು ಕಳೆದುಕೊಂಡರು. ಕೊಳೆರೋಗದಲ್ಲಿ ಉದುರಿದ ಅಡಿಕೆ ಹೆಕ್ಕಿದವರಿಗೆ ಆ ನಿರ್ಧಾರದ ಭಾರ ಗೊತ್ತಾಗುತ್ತದೆ. 2009, 2010ರ ಬಾಟಲಿಗಳಿಗೆ ದೊಡ್ಡ ಹೆಸರು, ಅಷ್ಟೇ ದೊಡ್ಡ ಬೆಲೆ.

ಅದೇ ಸಾಲಿನಲ್ಲಿ ಫ್ರಾನ್ಸಿನದೇ ರೋನ್ ಕಣಿವೆಯ ಶಾಪೂತಿಯೇ ಎಂಬ ವೈನ್ ಮನೆತನ. ಇವರ ಎರ್ಮಿತಾಜ್ ಎಂಬ ಕೆಂಪು ವೈನ್ ಸಿರಾ ದ್ರಾಕ್ಷಿಯದ್ದು, ಕಾಳುಮೆಣಸು ಮತ್ತು ಹೊಗೆಯ ಪರಿಮಳ. 1996ರಿಂದ ಲೇಬಲ್ ಮೇಲೆ ಬ್ರೈಲ್ ಲಿಪಿಯೂ ಇರುತ್ತದೆ. ಕಣ್ಣು ಮಂಜಾದ ಅಜ್ಜನಿಗೆ ಕೈಗೆ ಕೊಟ್ಟು ನೋಡಿ, ಆ ಚುಕ್ಕಿಗಳ ಮೇಲೆ ಬೆರಳು ತಾನಾಗಿ ನಿಲ್ಲುತ್ತದೆ.

ಇವುಗಳ ತೊಂದರೆ ಬೆಲೆ ಒಂದೇ ಅಲ್ಲ. 15 ವರ್ಷ ಆ ಬಾಟಲಿ ಎಲ್ಲಿತ್ತು ಎನ್ನುವುದು. ತೋಟದ ನೆಲಮಾಳಿಗೆಯಿಂದ ನೇರ ಬಂದಿದ್ದರೆ ಸರಿ. ನಾಲ್ಕು ಕೈ ದಾಟಿ, ಎರಡು ಬಂದರಿನಲ್ಲಿ ಕಂಟೇನರ್‌ನಲ್ಲಿ ಬಿಸಿಲು ಕಾದು ಬಂದಿದ್ದರೆ ಹೆಸರಿಗೆ ಮಾತ್ರ ದುಡ್ಡು. ಕುಡಿಯುವ ಹತ್ತು ಜನರಲ್ಲಿ ಎಂಟು ಜನ ಮೊದಲ ಸಲ ವೈನ್ ಮುಟ್ಟುವವರಾದರೂ ಇದು ಬೇಡ. ಮೂರು ನಾಲ್ಕು ಜನ, ನಿಧಾನ ಕೂತು ಕುಡಿಯುವ ರಾತ್ರಿಗೆ ಮಾತ್ರ.

ಎರಡನೆಯದು ನನ್ನ ಪಕ್ಷಪಾತದ್ದು: ಸ್ಪೇನಿನ ರಿಯೋಹಾ ಗ್ರಾನ್ ರಿಸರ್ವಾ. ಇಲ್ಲಿ ಹಳತು ಮಾಡುವ ಕೆಲಸ ಮಾಡಿದವನದ್ದೇ. ಐದು ವರ್ಷ ಕಳೆಯದೆ ಮಾರುವ ಹಾಗಿಲ್ಲ, ಅದರಲ್ಲಿ ಕಡಿಮೆ ಎಂದರೆ ಎರಡು ವರ್ಷ ಮರದ ಪೀಪಾಯಿಯಲ್ಲಿ, ಎರಡು ವರ್ಷ ಬಾಟಲಿಯಲ್ಲಿ. ನೀವು ಕೊಂಡ ದಿನವೇ ತೆರೆಯಬಹುದು. ಹಳೇ ಶೈಲಿಯವರು ಅಮೆರಿಕದ ಓಕ್ ಮರ ಬಳಸುತ್ತಾರೆ, ಆ ಮರದಿಂದ ವೈನ್‌ಗೆ ವೆನಿಲ್ಲಾ ಮತ್ತು ಕೊಬ್ಬರಿಯ ಪರಿಮಳ ಬರುತ್ತದೆ. ನಿಜವಾಗಿಯೂ ಕೊಬ್ಬರಿ. ನಮ್ಮ ಮೂಗಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಟಲಿಯ ಬರೋಲೊಗೂ ಇಂಥದ್ದೇ ನಿಯಮ, 38 ತಿಂಗಳು, ಅದರಲ್ಲಿ 18 ಮರದಲ್ಲಿ. ಆದರೆ ಬರೋಲೊ ಒಗರಿನಲ್ಲಿ ಗಟ್ಟಿಗ, ಹೊಸಬರಿಗೆ ಹೊಂದುವುದಿಲ್ಲ. ಗ್ರಾನ್ ರಿಸರ್ವಾದ ಕೊರತೆ ಎಂದರೆ ಆ ಪದಕ್ಕೂ ಬಯೋಡೈನಮಿಕ್‌ಗೂ ಸಂಬಂಧ ಇಲ್ಲ. ರಿಯೋಹಾದಲ್ಲಿ ಆ ಪದ್ಧತಿಯವರು ಇದ್ದಾರೆ, ಲೇಬಲ್ ಹಿಂದೆ ನೋಡಿ ಹುಡುಕಬೇಕು.

ಮೂರನೆಯದು ಚಿಲಿ ದೇಶದ ಎಮಿಲಿಯಾನಾ ಕೋಯಾಮ್. ಬಯೋಡೈನಮಿಕ್ ಬೇಕೇ ಬೇಕು, ಬಜೆಟ್ ಮಧ್ಯಮ ಎನ್ನುವವರಿಗೆ. ಸಿರಾ, ಕಾರ್ಮೆನೇರ್ ಮುಂತಾದ ಹಲವು ದ್ರಾಕ್ಷಿಗಳ ಮಿಶ್ರಣ, ಡಿಮೀಟರ್ ಮುದ್ರೆ ಇರುವ ತೋಟ. ನಾಲ್ಕೈದು ವರ್ಷದ ಬಾಟಲಿಯಲ್ಲಿ ಕಪ್ಪು ಹಣ್ಣಿನ ಸಿಹಿ ಇನ್ನೂ ಇರುತ್ತದೆ, ಒಗರು ಮೆತ್ತಗಾಗಿರುತ್ತದೆ. ಹಳೇ ವೈನಿನ ಅಣಬೆ, ಚರ್ಮದ ಆಳ ಇದರಲ್ಲಿ ಹುಡುಕಬೇಡಿ. ದೊಡ್ಡ ಗುಂಪಿಗೆ, ಖಾರದ ಊಟಕ್ಕೆ ಇದೇ ಧೈರ್ಯ.

ಹೊಸ ಬಯೋಡೈನಮಿಕ್ ಬಾಟಲಿ ತಂದು ಮನೆಯಲ್ಲೇ ಹತ್ತು ವರ್ಷ ಇಡುವುದು ಇನ್ನೊಂದು ದಾರಿ. ಇದು ಪುಸ್ತಕದಲ್ಲಿ ಚೆಂದ. ಬೆಲೆ ಅರ್ಧ, ಮಗುವಿನ ಹುಟ್ಟಿದ ವರ್ಷದ ಬಾಟಲಿ, ಇತ್ಯಾದಿ. ಕರಾವಳಿಯಲ್ಲಿ ವೈನ್ ಫ್ರಿಜ್, ಇನ್ವರ್ಟರ್ ಎರಡೂ ಇಲ್ಲದಿದ್ದರೆ ಇದನ್ನು ಮಾಡಬೇಡಿ. ನನ್ನ ಇರುವೆಗಳನ್ನು ನೆನಪಿಸಿಕೊಳ್ಳಿ.

ಕೊನೆಗೆ ನಮ್ಮವೇ. ನಂದಿ ಬೆಟ್ಟದ ಕಡೆಯ ಗ್ರೋವರ್ ಲಾ ರಿಸರ್ವ್, ಹಂಪಿ ಕಡೆಯ ಕೃಷ್ಮಾ, ಮಹಾರಾಷ್ಟ್ರದ ಫ್ರಾಟೆಲ್ಲಿಯ ಸೆಟ್ಟೆ. ಇವನ್ನು ಬಯೋಡೈನಮಿಕ್ ಎಂದು ಕೊಳ್ಳಬೇಡಿ. ಆದರೆ ದೂರದ ಪ್ರಯಾಣ ಇಲ್ಲ, ಆಮದು ಸುಂಕ ಇಲ್ಲ. ಆಮದು ವೈನ್ ಮೇಲೆ ನಮ್ಮ ದೇಶ ಬಹುಕಾಲ ಹಾಕುತ್ತಿದ್ದ ಸುಂಕ 150 ಪರ್ಸೆಂಟ್. ದುಬೈ ಭಾವನವರಿಗೆ ಇಷ್ಟು ಬೇಡಿಕೆ ಸುಮ್ನೆ ಬಂದದ್ದಲ್ಲ. ನಮ್ಮ ಈ ಬಾಟಲಿಗಳನ್ನು ಐದಾರು ವರ್ಷದೊಳಗೆ ಕುಡಿಯಿರಿ. ದುಬಾರಿ ಬಾಟಲಿಗೆ ಹೋಗುವ ಮೊದಲು ಎರಡು ಸಲ ಇವುಗಳಲ್ಲಿ ನಾಲಿಗೆ ಪಳಗಿಸಿದರೆ ಆಮೇಲೆ ವ್ಯತ್ಯಾಸ ಗೊತ್ತಾಗುತ್ತದೆ.

ಊಟಕ್ಕೆ ಹೊಂದುವುದಾ?

ಬಂಗುಡೆ, ಬೂತಾಯಿ ಜೊತೆ ಯಾವ ಕೆಂಪು ವೈನೂ ಬೇಡ. ಎಣ್ಣೆ ಮೀನು ಮತ್ತು ಕೆಂಪು ವೈನ್ ಸೇರಿದರೆ ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ಹಾಗಾಗುತ್ತದೆ. ಮೆಣಸಿನ ಖಾರ ಒಗರನ್ನೂ ಆಲ್ಕೋಹಾಲ್ ಉರಿಯನ್ನೂ ಎತ್ತಿ ತೋರಿಸುತ್ತದೆ. ಹಾಗಾಗಿ ಕುಂದಾಪುರದ ಘೀ ರೋಸ್ಟ್, ಕೋರಿ ರೊಟ್ಟಿ ಇದ್ದ ದಿನ ಕೋಯಾಮ್ ತರಹದ ಹಣ್ಣಿನ ವೈನ್ ಸಾಕು. 15 ವರ್ಷದ ಪೊಂಟೆ ಕಾನೆಯನ್ನು ಹುಳಿ ಖಾರದ ಪುಳಿಮುಂಚಿ ಜೊತೆ ಇಟ್ಟರೆ ಯಕ್ಷಗಾನದ ಚೆಂಡೆ ಎದುರು ಪಿಸುಮಾತು ಆಡಿದ ಹಾಗೆ.

ಹಳೇ ವೈನಿಗೆ ಮೆತ್ತಗಿನ ಊಟ ಬೇಕು. ಕಾಳುಮೆಣಸು ಹಾಕಿದ ಮಟನ್, ಜೊತೆಗೆ ನೀರುದೋಸೆ. ಸಸ್ಯಾಹಾರಿಗಳಿಗೆ ತುಪ್ಪದಲ್ಲಿ ಹುರಿದ ಮಟ್ಟು ಗುಳ್ಳ. ಮೊದಲ ಮಳೆಗೆ ಏಳುವ ಕಲ್ಲಣಬೆ ಸಿಕ್ಕಿದರೆ ಬೇರೆ ಎಂತದ್ದೂ ಬೇಡ, ಬೆಳ್ಳುಳ್ಳಿ, ತುಪ್ಪ, ಚೂರು ಉಪ್ಪು.

ಗೆಳೆಯನ ಮನೆಯಲ್ಲಿ ಆದದ್ದು

ವಿದೇಶದಿಂದ ಬರುವವರು ಸುಂಕ ಇಲ್ಲದೆ ತರಬಹುದಾದದ್ದು ಎರಡು ಲೀಟರ್. ಅಂದರೆ ಎರಡು ಬಾಟಲಿ. ಅವರು ಒಂದು ಗ್ರಾನ್ ರಿಸರ್ವಾ, ಒಂದು ಕೋಯಾಮ್ ತರಿಸಿದರು. ಲುಂಗಿಯಲ್ಲಿ ಸುತ್ತಿಕೊಂಡು ಬಂತು. ಬಂದ ಕೂಡಲೇ ತೆರೆಯಲು ಬಿಡಲಿಲ್ಲ. ಎರಡು ದಿನ ನೇರ ನಿಲ್ಲಿಸಿದೆವು, ಗಸಿ ತಳಕ್ಕೆ ಇಳಿಯಲಿ ಎಂದು.

ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಎನ್ನುತ್ತಾರಲ್ಲ, ಅದು ಫ್ರಾನ್ಸಿನ ಹಳೇ ಕಲ್ಲಿನ ಮನೆಗಳ ರೂಮ್. 16ರಿಂದ 18 ಡಿಗ್ರಿ. ನಮ್ಮ ರೂಮಿನಲ್ಲಿಟ್ಟರೆ ಕಷಾಯ. ಬಡಿಸುವ ಮೊದಲು ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಡಿ, ಜಗ್‌ಗೆ ಬಗ್ಗಿಸಿದ ಮೇಲೆ ಜಗ್ಗನ್ನು ತಣ್ಣೀರಿನ ಬಾಲ್ದಿಯಲ್ಲಿ ಕೂರಿಸಿ.

ಹತ್ತು ವರ್ಷದ ಆ ಗ್ರಾನ್ ರಿಸರ್ವಾದ ಕಾರ್ಕ್ ಅರ್ಧಕ್ಕೆ ತುಂಡಾಯಿತು. ತಿರುಪು ಬಿಟ್ಟು ಎರಡು ಅಲಗಿನ ಓಪನರ್ ಹಾಕಿ ಉಳಿದದ್ದನ್ನು ಮೆಲ್ಲ ಎಳೆದೆ. ಬಾಟಲಿಯ ಕುತ್ತಿಗೆಯ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ಒಂದೇ ಸಮನೆ ಬಗ್ಗಿಸಿದೆ. ಕೊನೆಗೆ ಹೊಗೆ ತರ ಗಸಿ ಬರುವುದು ಕಂಡಿತು, ನಿಲ್ಲಿಸಿದೆ. ಎರಡು ಬೆರಳು ವೈನ್ ಬಾಟಲಿಯಲ್ಲೇ ಉಳಿಯಿತು. ಅಮ್ಮ "ಅಯ್ಯೋ ವೇಸ್ಟ್" ಎಂದರು.

ಮೊದಲ ಹತ್ತು ನಿಮಿಷ ಎಂತದ್ದೂ ಇಲ್ಲ, ಮುಚ್ಚಿಟ್ಟ ಮರದ ಪೆಟ್ಟಿಗೆಯ ವಾಸನೆ. ಅರ್ಧ ಗಂಟೆಗೆ ಕೊಬ್ಬರಿ ಬಂತು, ಅದರ ಹಿಂದೆ ಒಣ ಅಂಜೂರ. ಅಪ್ಪ ಕುಡಿದದ್ದಕ್ಕಿಂತ ಮೂಸಿದ್ದು ಜಾಸ್ತಿ. "ಇದು ಚೋಲ್ ಗೋಣಿ ಬಿಚ್ಚಿದ ಹಾಗೆ ಉಂಟು" ಎಂದರು. ಉಳಿದ ಏಳು ಜನ ಕೋಯಾಮ್ ಕುಡಿದು ಘೀ ರೋಸ್ಟ್ ಮುಗಿಸಿದರು. ಅವರಿಗೆ ಅದೇ ಹೆಚ್ಚು ಹಿಡಿಸಿತು. ತಪ್ಪೇನಿಲ್ಲ.

ಹಾಗಾದರೆ ಯಾರಿಗೆ ಯಾವುದು

ಗುಂಪು ದೊಡ್ಡದು, ಊಟ ಖಾರ, ಬಯೋಡೈನಮಿಕ್ ಎನ್ನುವ ಮಾತೂ ಬೇಕು ಎಂದರೆ ಕೋಯಾಮ್. ಹಳತಿನ ರುಚಿ ಏನೆಂದು ತಿಳಿಯಬೇಕು, ಮನೆಯಲ್ಲಿ ಇಡಲು ಜಾಗ ಇಲ್ಲ ಎಂದರೆ ಗ್ರಾನ್ ರಿಸರ್ವಾ. ಹಳತೂ ಆಗಬೇಕು, ಬಯೋಡೈನಮಿಕ್ಕೂ ಆಗಬೇಕು, ದುಡ್ಡಿಗೆ ಚಿಂತೆ ಇಲ್ಲ, ನಾಲ್ಕೇ ಜನ ಎಂದರೆ ಶಾಪೂತಿಯೇ ಅಥವಾ ಪೊಂಟೆ ಕಾನೆ, ಅದೂ ಎಲ್ಲಿಂದ ಬಂತೆಂದು ಹೇಳಬಲ್ಲ ಅಂಗಡಿಯಿಂದ. ನಾನಾದರೆ ಪೊಂಟೆ ಕಾನೆಯ ಒಂದು ಬಾಟಲಿಯ ದುಡ್ಡಿಗೆ ಗ್ರಾನ್ ರಿಸರ್ವಾ ನಾಲ್ಕಾರು ಸಲ ಕುಡಿಯುತ್ತೇನೆ.

ಎಲ್ಲಿ ಕೊಂಡರೂ ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿ. ವೈನ್ ಮಟ್ಟ ಕುತ್ತಿಗೆಯವರೆಗೆ ಇರಬೇಕು. ಹೆಗಲಿನಿಂದ ಕೆಳಗೆ ಇಳಿದಿದ್ದರೆ ಬೇಡ. ತಗಡು ಉಬ್ಬಿದ್ದರೆ, ಅಂಟಂಟಾಗಿದ್ದರೆ ಬೇಡ. ಶೋಕೇಸ್‌ನಲ್ಲಿ ಬಿಸಿಲಿಗೆ, ಟ್ಯೂಬ್‌ಲೈಟಿಗೆ ನಿಂತದ್ದಂತೂ ಬೇಡವೇ ಬೇಡ. ತೆರೆದ ಮೇಲೆ ಮಳೆಗಾಲದಲ್ಲಿ ಒದ್ದೆಯಾದ ಪೇಪರಿನ ವಾಸನೆ ಬಂದರೆ ಅದು ಕಾರ್ಕ್‌ನ ರೋಗ. ಗಾಳಿಗೆ ಇಟ್ಟರೂ ಹೋಗುವುದಿಲ್ಲ, ನಿಮ್ಮ ಮೂಗಿನ ತಪ್ಪೂ ಅಲ್ಲ.

ಉಡುಗೊರೆ ಕೊಡುವುದಾದರೆ ಬಾಟಲಿಯ ಕುತ್ತಿಗೆಗೆ ಒಂದು ಚೀಟಿ ಕಟ್ಟಿ, "ಈ ತಿಂಗಳೊಳಗೆ ಕುಡಿಯಿರಿ" ಎಂದು ದೊಡ್ಡದಾಗಿ ಬರೆಯಿರಿ. ಇಲ್ಲದಿದ್ದರೆ ಅದು ಶೋಕೇಸ್ ಸೇರುತ್ತದೆ, ಗಲ್ಫಿನ ಗಡಿಯಾರ ಮತ್ತು ಮಕ್ಕಳ ಟ್ರೋಫಿಗಳ ನಡುವೆ.